ಅಪ್ಪ ಹೇಳದ ಅರ್ಧ ಕಥೆ

ಅಪ್ಪ ಧಾರವಾಡದಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ರೋಜರ್ ಬ್ಯಾನಿಸ್ಟರ್ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದಲೇ. 1954ರ ಮೇ 6, ಆಕ್ಸ್‌ಫರ್ಡ್, ಒಂದು ಮೈಲಿಗೆ 3 ನಿಮಿಷ 59.4 ಸೆಕೆಂಡ್. ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೊದಲಿಗ. ಅಪ್ಪನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಹೋದ ವರ್ಷ ಅಪ್ಪನಿಗೆ ಪಾರ್ಕಿನ್ಸನ್ ಎಂದು ಗೊತ್ತಾಯಿತು. ಪುಣೆಗೆ ಕರೆತಂದೆವು. ನಡುಗುವ ಬಲಗೈಯನ್ನು ಸದಾ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದರು. ನೋಡಿದವರು ಏನಂದಾರು ಎಂದು ವಾಕಿಂಗಿಗೂ ಇಳಿಯುತ್ತಿರಲಿಲ್ಲ. ಆಫೀಸಿನಲ್ಲಿ ಪ್ರತಿಯೊಂದು ರಿಸ್ಕಿಗೂ ಪ್ಲಾನ್ ಬರೆದಿಡುವ ನನಗೆ ಇಲ್ಲಿ ಒಂದು ಮಾತೂ ತೋಚಲಿಲ್ಲ.

ಒಂದು ರಾತ್ರಿ ಈ ಕಾಯಿಲೆಯ ಬಗ್ಗೆ ಓದುತ್ತಿದ್ದಾಗ ಬ್ಯಾನಿಸ್ಟರ್ ಮತ್ತೆ ಸಿಕ್ಕರು. ಆ ಮೈಲಿ ಓಡಿದಾಗ ಅವರಿನ್ನೂ ವೈದ್ಯಕೀಯ ವಿದ್ಯಾರ್ಥಿ. ಅದೇ ವರ್ಷದ ಕೊನೆಗೆ ಸ್ಪರ್ಧೆಗಳನ್ನು ಬಿಟ್ಟು, ಮುಂದೆ ನರರೋಗ ತಜ್ಞರಾದರು. ರಕ್ತದೊತ್ತಡ, ಬೆವರು ಇಂಥವನ್ನು ನಮಗೆ ತಿಳಿಯದಂತೆಯೇ ನಡೆಸುವ ನರಗಳು ಹೇಗೆ ಕೈಕೊಡುತ್ತವೆ ಎಂಬುದು ಅವರ ಅಧ್ಯಯನ. 1971ರಲ್ಲಿ ಬ್ರಿಟನ್ನಿನ ಕ್ರೀಡಾ ಮಂಡಳಿಯ ಅಧ್ಯಕ್ಷರಾಗಿ, ಸ್ಟೀರಾಯ್ಡ್ ತೆಗೆದುಕೊಂಡ ಕ್ರೀಡಾಪಟುಗಳನ್ನು ಪತ್ತೆಹಚ್ಚುವ ಪರೀಕ್ಷೆಗೆ ಬೆನ್ನಾಗಿ ನಿಂತರು. ಆ ದಾಖಲೆಗಿಂತ ನರವಿಜ್ಞಾನದ ಕೆಲಸವೇ ಅವರಿಗೆ ದೊಡ್ಡದಾಗಿತ್ತು. ಕೊನೆಗೆ ಅವರಿಗೂ ಪಾರ್ಕಿನ್ಸನ್ ಬಂತು. 2014ರಲ್ಲಿ ಅದನ್ನು ಎಲ್ಲರೆದುರು ಹೇಳಿದರು.

ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಅವಗೂ ಬಂದಿತ್ತೇನು?" ಎಂದರು.

ಸಂಜೆ ತಾವೇ ಬೂಟು ತಂದು ನನ್ನ ಮುಂದೆ ಕೂತರು. ಕೈ ಜೇಬಿನಿಂದ ಹೊರಗಿತ್ತು.

"ಲೇಸ್ ಕಟ್ಟಪಾ. ನನಗ ಆಗವಲ್ದು."