ಬ್ಯಾಳಿ ನೀರು, ಬೀಗರ ನೀರು

ನಮ್ಮ ಅಥಣಿ ಸೀಮೆಯ ಅನಂತಪುರದ ನೀರಲ್ಲಿ ಎಷ್ಟು ತಿಕ್ಕಿದರೂ ಸಾಬೂನು ನೊರೆ ಕೊಡುವುದಿಲ್ಲ. ಬದಲಿಗೆ ಕೊಡುವ ಬಿಳಿ ಜಿಗುಟು ಎಷ್ಟು ತೊಳೆದರೂ ಮೈ ಬಿಡುವುದಿಲ್ಲ. ತಲೆಗೆ ಎರೆದುಕೊಂಡರಂತೂ ಸಂಜೆಯ ಹೊತ್ತಿಗೆ ಕೂದಲು ತೆಂಗಿನ ನಾರು. ದೂರದೂರಿನಿಂದ ಬಂದ ಸೊಸೆಯಂದಿರು ಮೊದಲ ವಾರ ಶಾಂಪೂವನ್ನು ಬೈಯುತ್ತಾರೆ, ಎರಡನೆಯ ವಾರ ಗಂಡನನ್ನು.

ತಪ್ಪು ಇಬ್ಬರದೂ ಅಲ್ಲ. ಅಥಣಿ ಬಿಟ್ಟು ಉತ್ತರಕ್ಕೆ, ಜತ್ತದ ಕಡೆ ಮುಖ ಮಾಡಿದರೆ ಕಾಲಡಿ ಎರೆಮಣ್ಣು, ಅದರಡಿ ದಖ್ಖನದ ಕರಿಕಲ್ಲು. ಸುಮಾರು 6.5 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಉಕ್ಕಿದ ಲಾವಾ ಅದು ಎಂದು ಭೂಗೋಳದ ಮಾಸ್ತರರು ಹೇಳಿದ್ದು ಅರೆಬರೆ ನೆನಪಿದೆ. ಆಗ ನನ್ನ ಲಕ್ಷ್ಯವೆಲ್ಲ ಕಿಟಕಿಯಾಚೆಯ ಹುಣಸೆಮರದ ಮೇಲಿತ್ತು. ಆ ಕಲ್ಲಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೇರಳ. ಮಳೆಯೋ ಅಷ್ಟಕ್ಕಷ್ಟೆ. ಇಂಗಿದ ನೀರು ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತು ಅವನ್ನೆಲ್ಲ ಕರಗಿಸಿಕೊಂಡು, ಬೋರಿನಿಂದ ಮೇಲೆ ಬರುವಾಗ ಅರ್ಧ ಸುಣ್ಣವಾಗಿರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ದಾರಿಯೇ ಇಲ್ಲದಿದ್ದರೆ 600 ಎನ್ನುತ್ತದೆ ಭಾರತೀಯ ಮಾನಕ. ಬೇರೆ ದಾರಿ ಇಲ್ಲದವರ ಪಾಡು ಸರ್ಕಾರಕ್ಕೂ ಗೊತ್ತಿದೆ ಎಂದಾಯಿತು.

ನಮ್ಮ ಸೋದರತ್ತಿಗೆ ಮಿಲಿಗ್ರಾಮು ಬೇಕಿರಲಿಲ್ಲ. ಒಂದು ಗುಟುಕು ಬಾಯಲ್ಲಿ ಹೊರಳಿಸಿ ಇದು ಯಾರ ಹೊಲದ ಬಾವಿಯ ನೀರೆಂದು ಹೇಳುತ್ತಿದ್ದಳು. ಅವಳ ಮನೆಯಲ್ಲಿ ನೀರಿಗೆ ದರ್ಜೆಗಳಿದ್ದವು. ಮೈಗೆ, ಬಟ್ಟೆಗೆ, ದನಕ್ಕೆ ಬೋರಿನದು. ಕುಡಿಯಲಿಕ್ಕೆ ಹಳ್ಳದ ದಂಡೆಯ ಬಾವಿಯದು. ಇವೆರಡರ ಮೇಲೆ ತಗಡಿನ ನೀರು: ದನದ ಕೊಟ್ಟಿಗೆಯ ತಗಡಿನಿಂದ ಸುರಿವ ಮಳೆನೀರನ್ನು, ಮೊದಲ ಮಳೆ ಬಿಟ್ಟು, ಅರಿವೆ ಕಟ್ಟಿ ಸೋಸಿ ಹರವಿಗಳಲ್ಲಿ ತುಂಬಿಸಿಡುತ್ತಿದ್ದಳು. ಅದು ಬ್ಯಾಳಿ ಬೇಯಿಸಲಿಕ್ಕೆ. ಮಕ್ಕಳು ಅದರಲ್ಲಿ ಚರಿಗೆ ಅದ್ದಿದರೆ ಬೆನ್ನಿಗೆ ಏಟು.

“ಬೋರಿನ ನೀರಾಗ ಬ್ಯಾಳಿ ಹಟಾ ಹಿಡಿತಾವೋ ತಮ್ಮಾ” ಎನ್ನುತ್ತಿದ್ದಳು. ನಿಜವೇ. ಬೇಳೆಯ ಕಣಗಳನ್ನು ಹಿಡಿದಿಟ್ಟ ಪೆಕ್ಟಿನ್ ಜೊತೆ ಕ್ಯಾಲ್ಸಿಯಂ ಸೇರಿಕೊಂಡರೆ ಅದು ಇನ್ನಷ್ಟು ಬಿಗಿಯುತ್ತದೆ, ಕುದಿಸಿದಷ್ಟೂ ಕಾಳು ಕಾಳಾಗಿಯೇ ಉಳಿಯುತ್ತದೆ. ಚಿಟಿಕೆ ಸೋಡಾ ಹಾಕಿದರೆ ಮಣಿಯುತ್ತದೆ; ಓಣಿಯ ಹೆಂಗಸರೆಲ್ಲ ಹಾಕುತ್ತಿದ್ದರು. ಅತ್ತಿ ಮಾತ್ರ ಮೂಗು ಮುರಿಯುತ್ತಿದ್ದಳು. “ಸೋಡಾ ಹಾಕಿ ಕುದಿಸಿದ ಬ್ಯಾಳಿ, ಬಡದು ಕಲಿಸಿದ ಹುಡುಗ, ಎರಡೂ ಮೆತ್ತಗಾಗ್ತಾವು. ರುಚಿ ಇರೂದಿಲ್ಲ.”

ಅವಳ ನಿಜವಾದ ರಾಜಕಾರಣ ಇದ್ದದ್ದು ಚಹಾದಲ್ಲಿ. ಗಡಸು ನೀರಿನ ಚಹಾ ಆರುತ್ತಿದ್ದ ಹಾಗೆ ಮೇಲೆ ಕಂದು ಪೊರೆ ಕಟ್ಟುತ್ತದೆ, ಕಪ್ಪು ಅಲುಗಿದರೆ ಬಿರಿಯುತ್ತದೆ. ಕೆನೆಯೆಂದು ಹೊಸಬರು ಮೋಸಹೋಗುತ್ತಾರೆ. ಬೀಗರಿಗೆ, ಶಾಲೆಯ ಮಾಸ್ತರರಿಗೆ, ತಲಾಠಿಗೆ ತಗಡಿನ ನೀರಿನ ಚಹಾ. ಮನೆಮಂದಿಗೆ, ಆಳುಗಳಿಗೆ, ಸಾಲ ಕೇಳಲು ಬಂದವರಿಗೆ ಪೊರೆಯ ಚಹಾ. ಕೊಟ್ಟ ಸಾಲ ಕೇಳಲು ಬಂದವರಿಗೂ ಅದೇ. ಯಾರ ಕಿಮ್ಮತ್ತು ಎಷ್ಟೆಂದು ಬಾಯಿ ಬಿಡದೆ ಹೇಳುವ ಇಂಥ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ. ನೌಕರಿ ಹಿಡಿದು ಮೊದಲ ಸಲ ಊರಿಗೆ ಹೋದಾಗ ನನ್ನ ಕಪ್ಪಿನಲ್ಲಿ ಪೊರೆ ಕಟ್ಟಲಿಲ್ಲ. ದೊಡ್ಡವನಾದೆನೆಂದು ಹಿಗ್ಗಬೇಕೋ, ಬೀಗರ ಸಾಲಿಗೆ ಸೇರಿ ಹೊರಗಿನವನಾದೆನೆಂದು ಕುಗ್ಗಬೇಕೋ ತಿಳಿಯದೆ ಗಟಗಟ ಕುಡಿದೆ.

ಬಚ್ಚಲಿನ ತಾಮ್ರದ ಬಂಬದ ಕಥೆ ಬೇರೆ. ಒಳಗೆಲ್ಲ ಸುಣ್ಣ ಕಟ್ಟಿ, ಎಷ್ಟು ಕುಳ್ಳು ಹಾಕಿದರೂ ಬೆಂಕಿಯ ಬಿಸಿ ನೀರಿಗೆ ತಲುಪುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹುಣಸೆಹುಳಿ ನೀರು ತುಂಬಿ ನೆನೆಸಿ, ಬಡಿದು ಉದುರಿಸಿದ ಚಕ್ಕೆ ಕೂಡಿಟ್ಟಿದ್ದರೆ ಅಥಣಿಯ ಗಚ್ಚಿನಮಠಕ್ಕೆ ಇನ್ನೊಂದು ಗೋಡೆ ಏಳುತ್ತಿತ್ತು. ಕುದಿಸಿದಾಗ ಹೀಗೆ ತಳ ಹಿಡಿಯುವ ಬೈಕಾರ್ಬೊನೇಟಿನದು ತಾತ್ಕಾಲಿಕ ಗಡಸುತನ, ಎಷ್ಟು ಕುದಿಸಿದರೂ ಕದಲದ ಸಲ್ಫೇಟು ಕ್ಲೋರೈಡುಗಳದು ಶಾಶ್ವತ ಗಡಸುತನ. ಪುಸ್ತಕದಲ್ಲಿ ಓದುವಾಗ ಸರ್ಕಾರಿ ನೌಕರಿಯ ವಿಚಾರ ಅನ್ನಿಸಿತ್ತು. ಅತ್ತಿ ತನ್ನ ಇಳಕಲ್ ಸೀರೆಗಳಿಗೆ ಸಾಬೂನು ಸೋಕಿಸುತ್ತಿರಲಿಲ್ಲ, ಅಂಟುವಾಳಕಾಯಿ. ಅದರ ನೊರೆಗೆ ಸುಣ್ಣದ ಹಂಗಿಲ್ಲ.

ಅತ್ತಿ ಹೋದ ಮೇಲೆ ಹರವಿಗಳು ಹಿತ್ತಲು ಸೇರಿದವು. ಈಗ ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕ ಬಂದಿದೆ. ಬ್ಯಾಳಿಗೂ ಆ ಕ್ಯಾನಿನ ನೀರೇ, ಚಹಾಕ್ಕೂ ಅದೇ. ತಲಾಠಿಗೂ ಎಮ್ಮೆ ವ್ಯಾಪಾರಕ್ಕೆ ಬಂದವನಿಗೂ ನನಗೂ ವೈನಿ ಒಂದೇ ಚಹಾ ತಂದಿಡುತ್ತಾಳೆ. ಸಮಾನತೆ ಒಳ್ಳೆಯದೇ, ಆದರೆ ಮನೆಯಲ್ಲಿ ನನ್ನ ಸ್ಥಾನ ಈಗ ಏನೆಂದು ತಿಳಿಯುವ ದಾರಿ ಉಳಿದಿಲ್ಲ.

ಕಿರಿಕಿರಿ ಅದೊಂದೇ ಅಲ್ಲ. ಇದೇ ಅಥಣಿ ಸೀಮೆಯ ಕೆಳದಂಡೆಯಲ್ಲಿ 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ ಮನೆಗಳೊಳಗೇ ನುಗ್ಗಿದಳು. ಸಹ್ಯಾದ್ರಿಯ ಮಳೆನೀರು ಅದು, ಬ್ಯಾಳಿಗೆ ಅದಕ್ಕಿಂತ ಒಳ್ಳೆಯದು ಬೇಕೆ? ಮೇಲಿನ ಊರುಗಳು ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುತ್ತವೆ. ಕೃಷ್ಣೆಯ ನೀರನ್ನು ಎತ್ತಿ ಒಣ ಹಳ್ಳಿಗಳಿಗೆ ತರುವ ಬಸವೇಶ್ವರ ಏತ ನೀರಾವರಿಯ ಮಾತು ಕೇಳುತ್ತ ಕೇಳುತ್ತ ಹುಡುಗರಿಗೆ ಮೀಸೆ ಬಂದಿವೆ. ಅದು ಬರುವವರೆಗೆ ಘಟಕವೇ ಗತಿ. ಸಿಹಿ ನೀರು ಕ್ಯಾನಿಗೆ ಬೀಳುವಾಗ ಹಿಂದಿನ ಪೈಪಿನಿಂದ, ಸುಣ್ಣವನ್ನೆಲ್ಲ ತುಂಬಿಕೊಂಡ ನೀರು ಗಟಾರಕ್ಕೆ ಹರಿಯುತ್ತದೆ. ಅದು ಎಲ್ಲಿಗೆ ಹೋಗುತ್ತದೆಂದು ಅಲ್ಲಿ ಕೂತಿದ್ದ ಹುಡುಗನನ್ನು ಕೇಳಿದೆ.

“ಎಲ್ಲಿ ಹೋಗತೈತ್ರಿ ಕಾಕಾ, ಇಲ್ಲೇ ಇಂಗತೈತಿ.”

“ಮತ್ತ ನಿಮ್ಮ ಬೋರು ಎಲ್ಲೈತೊ?”

ಹುಡುಗ ಗಟಾರದ ಆಚೆ ದಂಡೆಗೆ ಕೈ ಮಾಡಿದ. “ಅಲ್ಲೇರಿ. ನೀರ ಕಡಿಮಿ ಆಗೂದಿಲ್ಲ, ಚಲೋ ಜಾಗಾ ಸಿಕ್ಕೈತಿ.”