ಎಂಬತ್ತೇಳರಲ್ಲೊಂದು ಪಾಲಿನ ಗುಡ್ಡ

ಉಸಿರು ಬಿಗಿಹಿಡಿಯಿರಿ. ನಿಮ್ಮ ಕೆನ್ನೆ ಪ್ಲೈವುಡ್ಡಿಗೆ ಒತ್ತಿಕೊಂಡಿದೆ. ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಹಳಿಯ ಮಟ್ಟದಲ್ಲಿದೆ. ಕರಾವಳಿಯ ಊರು ಮುಟ್ಟಳ್ಳಿಯ ಜುಲೈ ಮಳೆ ಹೆಂಚಿನ ಮೇಲೆ ಒಂದೇ ಸಮ ಹೊಯ್ಯುತ್ತಿದೆ. ಮೂಗಿಗೆ ಫೆವಿಕಾಲ್, ಸ್ಪಿರಿಟ್, ಒದ್ದೆ ಕೆಮ್ಮಣ್ಣಿನ ವಾಸನೆ.

ಇದು ಎಚ್‌ಒ ಅಳತೆಯ ಮಾದರಿ ರೈಲುಮಾರ್ಗ. ನಿಜದ 87 ಅಡಿ ಇಲ್ಲಿ 1 ಅಡಿ. ಹಳಿಯ ಪಕ್ಕ ನಿಂತ ಮನುಷ್ಯನ ಕಣ್ಣು ಎರಡು ಸೆಂಟಿಮೀಟರಿಗಿಂತ ಕೆಳಗಿರುತ್ತದೆ, ಕ್ಯಾಮೆರಾವನ್ನೂ ಅಲ್ಲಿಗೇ ಇಳಿಸಬೇಕು. ಮೇಲಿನಿಂದ ತೆಗೆದರೆ ಆಟಿಕೆ ಕಾಣುತ್ತದೆ, ಇಲ್ಲಿಂದ ತೆಗೆದರೆ ಊರು ಕಾಣುತ್ತದೆ.

ಹಳಿಯ ಮೇಲೆ ಬೆರಳಾಡಿಸಿ. ಎರಡರ ನಡುವೆ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಲೆಕ್ಕದ ಪ್ರಕಾರ ಇಲ್ಲಿ 19ಕ್ಕೂ ಚೂರು ಹೆಚ್ಚು ಬೇಕು. ಆದರೆ ಕೊಳ್ಳಲು ಸಿಗುವ ಹಳಿ 1435 ಮಿಲಿಮೀಟರ್ ಗೇಜಿನ ದೇಶಗಳಿಗಾಗಿ ಮಾಡಿದ್ದು. ಕೈಯಾರೆ ಹಾಸುವುದೋ, ಮೂರು ಮಿಲಿಮೀಟರ್ ಬಿಟ್ಟುಕೊಡುವುದೋ? ನೀವು ಬಿಟ್ಟುಕೊಟ್ಟಿದ್ದೀರಿ. ಜಲ್ಲಿಯನ್ನು ಕುಂಚದಿಂದ ಸ್ಲೀಪರ್‌ಗಳ ನಡುವೆ ಸರಿಸಿ, ನೀರು ಬೆರೆಸಿದ ಅಂಟನ್ನು ಹನಿಹನಿಯಾಗಿ ಬಿಟ್ಟಿದ್ದೀರಿ. ಬೇಸಿಗೆಯಲ್ಲಾದರೆ ಬೆಳಗಾಗುವುದರೊಳಗೆ ಕಲ್ಲಾಗುತ್ತಿತ್ತು. ಈ ತೇವದಲ್ಲಿ ಒತ್ತಿದರೆ ಇನ್ನೂ ಮೆತ್ತಗಿದೆ.

ಈಗ ತಲೆಯೆತ್ತಿ ಗುಡ್ಡ ನೋಡಿ. ಥರ್ಮೋಕೋಲಿನ ಪದರ, ಮೇಲೆ ಪ್ಲಾಸ್ಟರ್, ಅದರ ಮೇಲೆ ಬಟ್ಟೆಯಲ್ಲಿ ಸೋಸಿದ ಚಿರೆಕಲ್ಲಿನ ಪುಡಿ. 1998ರಲ್ಲಿ ಪೂರ್ತಿಯಾದ ಕೊಂಕಣ ಮಾರ್ಗ ಕರಾವಳಿಯ ಗುಡ್ಡಗಳನ್ನು ಸೀಳಿಕೊಂಡು ಸಾಗುತ್ತದೆ. ನೀವೂ ಸೀಳಿದ್ದೀರಿ, ನೆಟ್ಟಗೆ. ಎರಡೂ ಕಡೆ ಕೆಂಪು ಗೋಡೆ, ನಡುವೆ ಮತ್ಸ್ಯಗಂಧ ರೈಲು. ಚಿತ್ರಕ್ಕೆ ಇದಕ್ಕಿಂತ ಚೆಂದ ಬೇಕೆ? ಬೆರಳು ಶಟರ್ ಮೇಲಿದೆ.

ಬೆರಳು ಒತ್ತುವುದಿಲ್ಲ.

ಈ ಎತ್ತರದಿಂದ ಗೋಡೆ ತಲೆಯ ಮೇಲೆಯೇ ಬಾಗಿದಂತಿದೆ. 15 ಸೆಂಟಿಮೀಟರ್ ಎಂದರೆ ನಿಜದಲ್ಲಿ 13 ಮೀಟರ್. ಮೇಲೆ ಗಟ್ಟಿ ಚಿರೆಕಲ್ಲು, ಅದರಡಿ ಶೇಡಿಮಣ್ಣು. ನೀರು ಇಳಿದರೆ ಶೇಡಿ ಕೆಸರಾಗುತ್ತದೆ, ಮೇಲಿನ ಭಾರ ಜಾರುತ್ತದೆ. 2004ರ ಜೂನ್ 16ರಂದು ಇದೇ ಮತ್ಸ್ಯಗಂಧ ಮಹಾರಾಷ್ಟ್ರದ ಕರಂಜಾಡಿಯ ಹತ್ತಿರ ಹಳಿಗೆ ಉರುಳಿದ ಬಂಡೆಗಳಿಗೆ ಬಡಿಯಿತು, ಅದರ ಕೆಲವು ಬೋಗಿಗಳು ಸೇತುವೆಯಿಂದ ಕೆಳಗೆ ಬಿದ್ದವು. 2022ರ ಆಗಸ್ಟ್ 2ರಂದು ಇಲ್ಲಿಯೇ, ಮುಟ್ಟಳ್ಳಿಯಲ್ಲಿ, ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಿನಡಿ ತೀರಿಕೊಂಡರು. ಹೊರಗೆ ಮಳೆ ಜೋರಾಗುತ್ತದೆ. ನಿಮ್ಮ ಬೆನ್ನಹುರಿ ತಣ್ಣಗಾಗುತ್ತದೆ.

ಕಟರ್ ಎತ್ತಿಕೊಳ್ಳಿ, ನೆಟ್ಟಗಿನ ಗೋಡೆ ಮೆಟ್ಟಿಲುಮೆಟ್ಟಿಲಾಗಬೇಕು. ಬಣ್ಣ ಒಣಗಿದೆ, ಕೆಲಸ ಮುಗಿದಿದೆ, ಕೈ ಒಪ್ಪುವುದಿಲ್ಲ. ಆದರೂ ಇಡಿ. ಅಲಗು ಇಳಿಯುತ್ತದೆ. ಥರ್ಮೋಕೋಲು ಕಿರ್ರೆನ್ನುತ್ತದೆ, ಹಲ್ಲು ಜುಮ್ಮೆನ್ನುತ್ತದೆ. ಪ್ಲಾಸ್ಟರ್ ಬಿರಿಯುತ್ತದೆ. ಕೆಂಪು ಪುಡಿ ಹಳಿಯ ಮೇಲೆ ಸುರಿಯುತ್ತದೆ. ನಿಲ್ಲಿಸಬೇಡಿ! ಒಂದು ಮೆಟ್ಟಿಲು. ಹಿಂದಕ್ಕೆ ಸರಿದು ಇನ್ನೊಂದು. ಮತ್ತೂ ಒಂದು.

ಕೈ ನಡುಗುವುದು ನಿಂತ ಮೇಲೆ, ಗುಡ್ಡದ ನೆತ್ತಿಯಲ್ಲಿ ನೀರು ಪಕ್ಕಕ್ಕೆ ಹರಿಯಲು ಗಟಾರ ಕೊರೆಯಿರಿ. ಕೆಳಗಿನ ಪದರಕ್ಕೆ ಶೇಡಿಯ ಬಿಳಿಚು ಬಣ್ಣ ಹಚ್ಚಿ. ಬಂಡೆ ತಡೆಯುವ ಬಲೆಗೆ ಸೊಳ್ಳೆಪರದೆಯ ಚೂರು ಸಾಕು. ಹಳಿಯ ಪಕ್ಕದಲ್ಲಿ ಎರಡು ಸೆಂಟಿಮೀಟರಿನ ಒಬ್ಬ ಗಸ್ತಿನವನು, ಕೈಯಲ್ಲಿ ಟಾರ್ಚು. ಮಳೆಗಾಲದಲ್ಲಿ ರೈಲುಗಳು ಬೇರೆ ವೇಳಾಪಟ್ಟಿಯಲ್ಲಿ ನಿಧಾನ ಓಡುವಾಗ ಮಾರ್ಗ ಕಾಯುವವನು ಇವನೇ.

ಈಗ ಫೋಟೋ. ಲೆನ್ಸಿನ ಕಿಂಡಿ ಕಿರಿದಾಗಿಸಿ, ಬೆಳಕಿಗೆ ಹೆಚ್ಚು ಹೊತ್ತು ಕೊಡಿ. ಮೊದಲು ಗಸ್ತಿನವನ ಮೇಲೆ ಫೋಕಸ್, ಆಮೇಲೆ ಎಂಜಿನ್, ಕೊನೆಗೆ ದೂರದ ತಿರುವು. ಮೂರನ್ನೂ ಕಂಪ್ಯೂಟರಿನಲ್ಲಿ ಒಂದಾಗಿಸಿದರೆ ಹತ್ತಿರದ ಜಲ್ಲಿಯಿಂದ ಹಿಂದಿನ ಮರದವರೆಗೆ ಎಲ್ಲವೂ ನಿಚ್ಚಳ. ನೆಲದ ಹಲಗೆ ಅಲುಗಿದರೂ ಕೆಟ್ಟಿತು, ಹೆಜ್ಜೆ ಎತ್ತಬೇಡಿ. ಕ್ಲಿಕ್. ಕ್ಲಿಕ್. ಕ್ಲಿಕ್.

ತೆರೆಯ ಮೇಲೆ ಗುಡ್ಡ ಮೊದಲಿಗಿಂತ ತಗ್ಗಾಗಿ ಕಾಣುತ್ತದೆ. ಅದರಡಿ ರೈಲು ಧೈರ್ಯವಾಗಿ ಹೋಗಬಹುದು.

ಒಂದು ಮನೆ ಉಳಿದಿದೆ, ಹೆಂಚಿನ ಮಾಡು, ಬೆರಳುಗಳ ನಡುವೆ ಹಿಡಿಯುವಷ್ಟು ಗಾತ್ರ. ಗುಡ್ಡದ ಬುಡದಲ್ಲಿ ಅದಕ್ಕಾಗಿಯೇ ಸಮತಟ್ಟು ಮಾಡಿದ ಜಾಗವಿದೆ. ಅಲ್ಲಿ ಇಡಬೇಡಿ. ಗದ್ದೆಯ ಆಚೆ ಬದಿಗೆ ಒಯ್ದು ಇಡಿ.