ಸುಲಭವಾದ ಆಟ ಯಾವದು?

ನಮ್ಮ ಶಾಲೆಯನ್ನು ಬಿಟ್ಟು ಕಾಲೇಜನ್ನು ಸೇರಿದ ಹುಡುಗಿಯರಿಂದ ಪ್ರತಿವರ್ಷವೂ ಒಂದೇ ಪ್ರಶ್ನೆಯು ನನ್ನ ಬಳಿಗೆ ಬರುವದುಂಟು. "ಅಕ್ಕಾವರೇ, ಇಲ್ಲಿ ಯಾವದಾದರೊಂದು ಆಟಕ್ಕೆ ಹೆಸರು ಕೊಡಬೇಕಂತೆ. ಎಲ್ಲಕ್ಕಿಂತ ಸುಲಭವಾದದ್ದು ಯಾವದು?" ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳಿಂದ ಬೆಳಗಾವಿ ಧಾರವಾಡಗಳಿಗೆ ಹೋದ ಈ ಮಕ್ಕಳು, ಅಕ್ಕಾವರು ತಮ್ಮನ್ನು ಸೋಮಾರಿಗಳೆಂದು ತಿಳಿದಾರೆಂದು ಅಂಜಿ ಅಂಜಿ ಇದನ್ನು ಕೇಳುತ್ತಾರೆ. ಅಂಜತಕ್ಕ ಕಾರಣವೇನೂ ಇಲ್ಲ. ಸುಲಭವಾದದ್ದನ್ನೇ, ಮನಸ್ಸಿಗೆ ಹಿತವಾದದ್ದನ್ನೇ ಆರಿಸಿಕೊಳ್ಳಿರೆಂದು ನಾನು ಹೇಳುತ್ತ ಬಂದಿದ್ದೇನೆ.

2021ರಲ್ಲಿ ನಮ್ಮ ರಾಜ್ಯದ ಪದವಿ ಪಠ್ಯಕ್ರಮದೊಳಗೆ ಯೋಗಕ್ಕೂ ಕ್ರೀಡೆಗೂ ಅಂಕಗಳಲ್ಲಿ ಪಾಲು ದೊರೆತಾಗ ಪೋಷಕರಲ್ಲಿ ಅನೇಕರು ಅಂಗಸಾಧನೆಯನ್ನು ಮೊದಲ ಸಾರೆ ವಿದ್ಯೆಯೆಂದು ಎಣಿಸಿದರು. 2024ರಲ್ಲಿ ಆ ಕ್ರಮವು ಪುನಃ ಬದಲಾಯಿತು. ಅಂಕಗಳು ಬರುತ್ತವೆ, ಹೋಗುತ್ತವೆ. ನನ್ನ ಚಿಂತೆಯು ಬೇರೆ. ಹತ್ತನೆಯ ತರಗತಿಯ ಪರೀಕ್ಷೆಯ ದಿವಸವೇ ನಮ್ಮ ಹುಡುಗಿಯರ ಪೈಕಿ ಬಹು ಮಂದಿಯ ಆಟವು ಮುಗಿದುಹೋಗುವದು. ಬಿಸಿಲಿಗೆ ಬಣ್ಣ ಕಪ್ಪಾಗುವದೆಂದು ತಾಯಿ, ಸಂಜೆಯ ಬಸ್ಸು ತಪ್ಪುವದೆಂದು ತಂದೆ, ಉಡುಪು ಸರಿಯಲ್ಲವೆಂದು ಅಜ್ಜಿ. ಪ್ರತಿ ಅಕ್ಟೋಬರ ತಿಂಗಳಲ್ಲಿ ಕಿತ್ತೂರಿನ ಉತ್ಸವಕ್ಕೆ ಹೋಗಿ, 1824ರಲ್ಲಿ ಇಂಗ್ಲಿಷರನ್ನೆದುರಿಸಿದ ರಾಣಿ ಚನ್ನಮ್ಮನಿಗೆ ಜಯಕಾರ ಹೇಳಿ ಬಂದವರೇ, ಆಕೆಯ ಸಮಾಧಿಯಿರುವ ಬೈಲಹೊಂಗಲದಲ್ಲಿ ಮಗಳಿಗೆ ಮೈದಾನ ಬೇಡವೆನ್ನುವದನ್ನು ಕಂಡು ನನಗೆ ನಗೆಯೂ ಬರುವದು, ವ್ಯಥೆಯೂ ಆಗುವದು.

ನಾನು ಕಾಲೇಜಿಗೆ ಸೇರಿದಾಗ ಓಟ, ವಾಲಿಬಾಲ್, ರಿಂಗ್ ಟೆನ್ನಿಸ್ ಎಂಬ ಮೂರರಲ್ಲಿ ಒಂದನ್ನು ಆರಿಸಬೇಕಾಗಿತ್ತು. ನಾನು ರಿಂಗನ್ನು ಹಿಡಿದೆನು. ಅದಕ್ಕೆ ಬೂಟುಗಳು ಬೇಡ, ದೊಡ್ಡ ಬಯಲು ಬೇಡ. ಒಂದು ರಬ್ಬರಿನ ಬಳೆ, ಅಡ್ಡಲಾಗಿ ಕಟ್ಟಿದ ಒಂದು ಬಲೆ, ಅದೂ ಇಲ್ಲದಿದ್ದರೆ ಒಂದು ಹಗ್ಗವಿದ್ದರೂ ಸಾಕು. ಹಡಗಿನ ಅಟ್ಟದ ಮೇಲೆ ಪ್ರಯಾಣಿಕರು ಹೊತ್ತು ಕಳೆಯಲು ಆಡುತ್ತಿದ್ದ ಆಟವಿದು. "ಇದು ಮುದುಕಿಯರ ಆಟ" ಎಂದು ಗೆಳತಿಯರು ನಕ್ಕರು. ಆದರೆ ಬಳೆಯನ್ನು ಎರಡು ಕೈಗಳಿಂದ ಹಿಡಿಯಕೂಡದು, ಹಿಡಿದ ಮೇಲೆ ಇಟ್ಟುಕೊಂಡು ನಿಲ್ಲಕೂಡದು, ತಕ್ಷಣವೇ ಎಸೆಯಬೇಕು. 21 ಅಂಕಗಳು ಮುಗಿಯುವಷ್ಟರಲ್ಲಿ ನಕ್ಕವರಿಗೇ ಏದುಸಿರು ಬಂದಿತು! ಪ್ರಶಸ್ತಿಪತ್ರದ ಆಶೆಯಿಂದ ಕಠಿಣವಾದದ್ದನ್ನು ಆರಿಸಿದವರಲ್ಲಿ ಅನೇಕರು ವರ್ಷ ತುಂಬುತ್ತಲೇ ಬಿಟ್ಟುಬಿಟ್ಟರು. ನನ್ನ ಬಳೆಯಾದರೋ ಬಿ.ಎಡ್. ವಸತಿಗೃಹಕ್ಕೂ ಮೊದಲ ನೌಕರಿಯ ಊರಿಗೂ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಬಂದಿತು. ನಾಲ್ವತ್ತು ದಾಟಿದ ಈ ವಯಸ್ಸಿನಲ್ಲಿಯೂ ವಾರದಲ್ಲಿ ಮೂರು ಸಂಜೆ ನಾವು ಶಿಕ್ಷಕಿಯರು ಆಡುತ್ತೇವೆ.

ಇಲ್ಲಿ ತಾಯಂದಿರಿಗೆ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. ಯಾವ ಆಟವೂ ಸುಲಭವೆನಿಸದ, ಎರಡು ಸುತ್ತು ಓಡುವಷ್ಟರಲ್ಲಿ ಕುಳಿತುಕೊಳ್ಳುವ ಹುಡುಗಿಯನ್ನು ಮೈಗಳ್ಳಿ ಎನ್ನಬೇಡಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಸ್ನಾಯುಗಳಿಗೆ ಸಾಕಷ್ಟು ಪ್ರಾಣವಾಯು ಮುಟ್ಟದು. ಮನಸ್ಸಿದ್ದರೂ ಕಾಲು ಏಳದು. ಆದಕಾರಣ ಆಟವನ್ನಾರಿಸುವದಕ್ಕೆ ಮುಂಚೆ ಸರಕಾರಿ ದವಾಖಾನೆಯಲ್ಲಿ ರಕ್ತವನ್ನು ಪರೀಕ್ಷೆ ಮಾಡಿಸಿರಿ. ಕಬ್ಬಿಣಾಂಶದ ಗುಳಿಗೆಯನ್ನು ಚಹದ ಜೊತೆಗೆ ಮಾತ್ರ ಕೊಡಬೇಡಿರಿ, ಚಹವು ಅದರ ಗುಣವನ್ನು ತಗ್ಗಿಸುವದು.

ಕಠಿಣವಾದದ್ದು ಬೇಡವೇ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಕೆಲವರ ಮೈಯೇ ಅದನ್ನು ಬೇಡುವದು. ಬೆಳಗಾವಿಯ ಬಳಿಯ ತುರಮುರಿಯ ಮಲಪ್ರಭಾ ಜಾಧವ ಎಂಬಾಕೆ, ನಮ್ಮ ಹೊಳೆಯ ಹೆಸರಿನವಳೇ, 2018ರಲ್ಲಿ ಜಕಾರ್ತಾದ ಏಷ್ಯಾ ಕ್ರೀಡೆಗಳಲ್ಲಿ ಕುರಾಶ್ ಎಂಬ ಕುಸ್ತಿಯಲ್ಲಿ ಕಂಚಿನ ಪದಕವನ್ನು ಗೆದ್ದಳು. ಇನ್ನು ನಮ್ಮ ಅಂಗಳದ ಖೊಖೊ! ದುಡ್ಡಿಲ್ಲದ ಆಟವೆಂದು ಅಲಕ್ಷ್ಯ ಮಾಡಿದ್ದ ಅದರ ಮೊದಲನೆಯ ವಿಶ್ವಕಪ್ಪು 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದು, ನಮ್ಮ ದೇಶದ ಹೆಣ್ಣುಮಕ್ಕಳೇ ಅದನ್ನು ಗೆದ್ದರು. ಖೊಖೊ ಬಲ್ಲವರು ಕಾಲೇಜಿನಲ್ಲಿ ಅದನ್ನು ಬಿಟ್ಟು ಬೇರೊಂದನ್ನು ಹುಡುಕುವದೇಕೋ ನಾನರಿಯೆ. ಯೋಗವೂ ಒಳ್ಳೆಯದೇ, ಆದರೆ ಚಾಪೆಯ ಮೇಲೆ ನಿದ್ರಿಸುವದಕ್ಕಾಗಿ ಅದನ್ನು ಆರಿಸುವವರನ್ನೂ ನಾನು ಬಲ್ಲೆನು.

ನನ್ನನ್ನು ಕೇಳುವ ಹುಡುಗಿಗೆ ನಾನು ತಿರುಗಿ ಕೇಳುವದು ಇಷ್ಟೇ: ಊರಿಗೆ ಮರಳಿದ ಮೇಲೆ ಅದನ್ನು ಆಡುವದಕ್ಕೆ ಜಾಗವಿದೆಯೋ? ಜೊತೆಗೆ ಯಾರಿದ್ದಾರೆ? ಸೀರೆಯನ್ನುಟ್ಟಾಗಲೂ ಆಡಬಹುದೋ? ಈಜನ್ನು ಆರಿಸಿದ ಒಬ್ಬಳಿಗೆ ಊರಲ್ಲಿ ಕೊಳವಿರಲಿಲ್ಲ. ಮಲಪ್ರಭೆಯಲ್ಲಿ ಈಜಲು ಮನೆಯವರು ಬಿಡಲಿಲ್ಲ. ಅವರು ಬಿಡದೆ ಇದ್ದದ್ದೇ ಸರಿ.

ಶಾಲೆಯ ಕಚೇರಿಯಲ್ಲಿ ಆರು ಬಳೆಗಳಿವೆ, ಬಲೆಯ ಕಂಬಗಳನ್ನು ಕಳೆದ ವರ್ಷ ಹೊಸದಾಗಿ ನೆಡಿಸಿದ್ದೇವೆ. ರಜೆಯಲ್ಲಿ ತವರಿಗೆ ಬರುವ ಹಳೆಯ ವಿದ್ಯಾರ್ಥಿನಿಯರು ಸಂಜೆ ಐದರ ಮೇಲೆ ಬರಬಹುದು. ಕೂಸುಗಳನ್ನು ಕರೆತಂದರೆ ನೋಡಿಕೊಳ್ಳಲು ನಮ್ಮ ಆಯಾ ಒಪ್ಪಿದ್ದಾಳೆ.